ಸಿ ಡ್ರೈವ್ ಖಾಲಿ ಮಾಡಿಕೊಟ್ಟ ಅಣ್ಣನಿಗೆ

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ರದ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಲ್ಯಾಪ್‌ಟಾಪ್ ನೋಡಿಕೊಟ್ಟ ಅಣ್ಣ, ಮಣಿಪಾಲದ ಬಸ್ ಬಂತು ಅಂತ ಓಡಿದ್ರಿ, ಹೆಸರು ಕೇಳ್ಲಿಕ್ಕೂ ಆಗ್ಲಿಲ್ಲ, ಹಾಗಾಗಿ ಇಲ್ಲೇ ಥ್ಯಾಂಕ್ಸ್ ಹೇಳ್ತಿದ್ದೇನೆ.

ವಿಂಡೋಸ್ ಇರುವ ಸಿ ಡ್ರೈವ್ ತುಂಬಿ ಕೆಂಪಾಗಿತ್ತು, ಫೋಲ್ಡರ್ ಎಲ್ಲ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ ಲೆಕ್ಕ ತಾಳೆಯೇ ಆಗುದಿಲ್ಲ, ಉಳಿದ ಜಾಗ ಎಲ್ಲಿಗೆ ಹೋಯ್ತು ಮಾರಾಯ್ರೆ! ಕೇಳಿದವರೆಲ್ಲ ಫಾರ್ಮ್ಯಾಟ್ ಮಾಡಿ ಅಂತಲೇ ಹೇಳುದು. ನೀವು ಹಿಡನ್ ಐಟಮ್ಸ್ ಟಿಕ್ ಹಾಕಿ, ಅಷ್ಟು ಸಾಲುದಿಲ್ಲ ಅಂತ ಸಿಸ್ಟಮ್ ಫೈಲ್ ಮುಚ್ಚಿಡುವ ಆಪ್ಷನ್ನೂ ತೆಗ್ದು ತೋರಿಸಿದ್ರಿ. ಹೈಬರ್‌ಫಿಲ್ ಅಂತ ಒಂದು ದೊಡ್ಡ ಫೈಲು, ಹೈಬರ್ನೇಟ್ ಆಗುವಾಗ, ಅಂದ್ರೆ ತೆರೆದ ಕೆಲಸ ಹಾಗೇ ಉಳಿಸಿ ಲ್ಯಾಪ್‌ಟಾಪ್ ಆಫ್ ಆಗುವಾಗ, ರ್‍ಯಾಮಲ್ಲಿದ್ದದ್ದನ್ನು ಇಳಿಸಿಡ್ಲಿಕ್ಕೆ ವಿಂಡೋಸ್ ಮೊದ್ಲೇ ಜಾಗ ಹಿಡಿದಿಡುದಂತೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ವಿಂಡೋಸ್ 10ರಲ್ಲಿ ಸಾಮಾನ್ಯ ರ್‍ಯಾಮಿನ 40% ಹತ್ರ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗ್ದು ಪವರ್‌ಸಿಎಫ್‌ಜಿ ಕಮಾಂಡಲ್ಲಿ ಹೈಬರ್ನೇಟ್ ಆಫ್ ಮಾಡಿದ್ದೇ ಆ ಫೈಲು ಮಾಯ! ಬೇಗ ಆನ್ ಆಗ್ಲಿಕ್ಕಿರುವ ಫಾಸ್ಟ್ ಸ್ಟಾರ್ಟಪ್ಪೂ ಹೋಗ್ತದೆ, ಅಡ್ಡಿಯಿಲ್ವಾ ಅಂತ ಮೊದ್ಲೇ ಕೇಳಿದ್ರಿ ನೋಡಿ, ಅದು ನಂಗೆ ಭಾರಿ ಖುಷಿಯಾಯ್ತು, ಎಷ್ಟು ಜನ ಹಾಗೆ ಕೇಳಿ ಮಾಡ್ತಾರೆ ಹೇಳಿ.

ಮತ್ತೆ ಹಳೇ ರಿಸ್ಟೋರ್ ಪಾಯಿಂಟ್‌ಗಳು. ಏನಾದ್ರೂ ಹಾಳಾದ್ರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗ್ಲಿಕ್ಕೆ ವಿಂಡೋಸ್ ಉಳಿಸಿಡುದು ಅವು, ಅವೂ ಜಾಗ ತಿಂತವೆ. ಅವಕ್ಕೆ ಸಿಸ್ಟಮ್ ಪ್ರೊಟೆಕ್ಷನ್ನಲ್ಲಿ ಮಿತಿ ಹಾಕಿದ್ರಿ, ಪೂರ್ತಿ ಆಫ್ ಮಾಡ್ಲಿಲ್ಲ. ಅಪ್‌ಗ್ರೇಡ್ ಆದ ಮೇಲೆ ಉಳಿದ ವಿಂಡೋಸ್ ಓಲ್ಡ್ ಫೋಲ್ಡರ್ ಡಿಸ್ಕ್ ಕ್ಲೀನಪ್ಪಲ್ಲೇ ಹೋಯ್ತು. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ (ವಿಂಡೋಸಿನದ್ದೇ ಭಾಗಗಳು ಇರುದು) ದೊಡ್ಡದು ಕಾಣ್ತದೆ, ಆದ್ರೆ ಕೈಯಾರೆ ಡಿಲೀಟ್ ಮಾಡ್ಲಿಕ್ಕೆ ಹೋಗ್ಬೇಡಿ ಅಂತ ಬೈದ ಹಾಗೆ ಹೇಳಿದ್ದು ನೆನಪುಂಟು, ಮುಟ್ಲಿಲ್ಲ.

ದುಡ್ಡು ಕೊಟ್ರೆ ತಗೊಳ್ಳಿಲ್ಲ ನೀವು. ಇನ್ನೊಮ್ಮೆ ಸಿಕ್ಕಿದ್ರೆ ಒಂದು ಗಡ್‌ಬಡ್ ನನ್ನ ಲೆಕ್ಕದಲ್ಲಿ, ಬೇಡ ಅನ್ಬಾರ್ದು ಆಯ್ತಾ.