ಕಂಪ್ಯೂಟರ್ ನಿಧಾನ ಅಂತ ಎಸೆಯುವ ಮುಂಚೆ ಡಿಸ್ಕ್ ನೋಡಿ

ಸಂಪಾದಕರೇ,

ಪತ್ರಿಕೆಗಳಲ್ಲಿ ಆಗಾಗ ‘ಕಂಪ್ಯೂಟರ್ ವೇಗ ಹೆಚ್ಚಿಸಲು ಹತ್ತು ಸೂತ್ರ’ ಅಂತ ಬರುತ್ತದಲ್ಲ, ಅದರ ಬಗ್ಗೆ ಒಂದೆರಡು ಮಾತು. ಟೆಂಪ್ (ತಾತ್ಕಾಲಿಕ) ಫೈಲ್ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ, ಡೆಸ್ಕ್‌ಟಾಪಿನಲ್ಲಿ ಐಕಾನ್ ಕಡಿಮೆ ಮಾಡಿ, ಡಿಫ್ರಾಗ್ ಮಾಡಿ, ಅಂದರೆ ಡಿಸ್ಕಿನಲ್ಲಿ ಚದುರಿದ ಫೈಲ್ ಚೂರುಗಳನ್ನು ಒಟ್ಟಿಗೆ ಜೋಡಿಸಿ. ವರ್ಷಗಟ್ಟಲೆಯಿಂದ ಇದೇ ಪಟ್ಟಿ. ನಾನೂ ಇದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದವನೇ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಯಾವುದು ಸಿಕ್ಕಿಹಾಕಿಕೊಂಡಿದೆ ಅಂತ ನೋಡದೆ ಸುಮ್ನೆ ಗುಡಿಸುತ್ತಾ ಕೂತರೆ ಇನ್ನೇನಾಗುತ್ತದೆ?

ನಮ್ಮ ಮನೆಯ ಕಂಪ್ಯೂಟರಿನ ಕಥೆ ಹೀಗಿತ್ತು. ಆನ್ ಮಾಡಿದರೆ ಡೆಸ್ಕ್‌ಟಾಪ್ ಹೇಗೋ ಬರುತ್ತಿತ್ತು, ಆದರೆ ಅದಾದ ಮೇಲೆ ಆರೇಳು ನಿಮಿಷ ಎಲ್ಲಿ ಕ್ಲಿಕ್ ಮಾಡಿದರೂ ಆ ಗುಂಡಗಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಳೇದಾಯ್ತು, ಹೊಸದು ತಗೊಳ್ಳಿ ಅಂದರು ರಿಪೇರಿಯವರು. ಒಂದು ದಿನ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಕಂಪ್ಯೂಟರಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು (ಪ್ರೊಸೆಸರ್) 8 ಶೇಕಡ, ಅಂದರೆ ಆರಾಮಾಗಿ ಕೂತಿದೆ. ಮೆಮೊರಿ, ಅಂದರೆ ರ‍್ಯಾಮ್, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಡಿಸ್ಕ್ ಮಾತ್ರ 100 ಶೇಕಡ, ಕೆಂಪಗೆ. ತಮಾಷೆ ಏನೆಂದರೆ ಅಷ್ಟು ಒದ್ದಾಡುತ್ತಿದ್ದ ಡಿಸ್ಕ್ ಓದುತ್ತಿದ್ದದ್ದು ಸೆಕೆಂಡಿಗೆ ಒಂದೂವರೆ ಎಂಬಿ!

ಇದು ಯಾಕೆ ಅಂತ ಅರ್ಥ ಆದರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಹಳೆಯ ಹಾರ್ಡ್ ಡಿಸ್ಕ್ ಒಳಗೆ ನಿಜವಾಗಲೂ ಒಂದು ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಒಂದು ಪುಟ್ಟ ಕೈ ಅತ್ತಿಂದಿತ್ತ ಓಡಾಡಿ ಬೇಕಾದ ಜಾಗ ಹುಡುಕಬೇಕು. ಒಂದು ಸಲ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಹಿಡಿದರೆ, ಸೆಕೆಂಡಿಗೆ ನೂರು ಸಲ ಓಡಾಡಿದರೆ ಅದೇ ಹೆಚ್ಚು. ಒಂದು ದೊಡ್ಡ ವಿಡಿಯೋ ಫೈಲನ್ನು ಸಲೀಸಾಗಿ ಓದುವ ಅದೇ ಡಿಸ್ಕ್, ಕಂಪ್ಯೂಟರ್ ಶುರುವಾಗುವಾಗ ಇಪ್ಪತ್ತು ಮೂವತ್ತು ಪ್ರೋಗ್ರಾಂಗಳು ಒಟ್ಟಿಗೆ ಬಂದು ನನಗೆ ಇಲ್ಲೊಂದು ಚೂರು ಕೊಡು, ನನಗೆ ಅಲ್ಲೊಂದು ಚೂರು ಕೊಡು ಅಂತ ಕೈಚಾಚಿದಾಗ ಸೋತು ಸುಣ್ಣವಾಗುತ್ತದೆ. ಹಾರ್ಡ್ ಡಿಸ್ಕ್ ಬದಲು ಹಾಕುವ, ಬರೀ ಚಿಪ್ಪುಗಳಿಂದಾದ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡಾಡುವ ಕೈಯೂ ಇಲ್ಲ. ಹುಡುಕುವ ಸಮಯ ಒಂದು ಮಿಲಿಸೆಕೆಂಡಿಗಿಂತ ಎಷ್ಟೋ ಕಡಿಮೆ.

ಅದನ್ನೇ ಹಾಕಿಸಿದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಹಳೆಯ ಸಾಟಾ ಕೇಬಲ್ಲಿಗೇ ಕೂತಿತು, ಹಳೆಯ ವಿಂಡೋಸ್ ಅನ್ನೇ ಕ್ಲೋನ್ ಮಾಡಿಕೊಂಡೆ, ಅಂದರೆ ಇದ್ದ ಹಾಗೇ ನಕಲು ಮಾಡಿಕೊಂಡೆ. ಅದೇ ಪ್ರೊಸೆಸರ್, ಅದೇ ರ‍್ಯಾಮ್. ಈಗ ಆನ್ ಮಾಡಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ಕೆಲಸಕ್ಕೆ ತಯಾರು. ಆದರೆ ನನ್ನ ಮಾತು ಕೇಳಿ ಓಡಬೇಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿಯೋ (ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ ಅಂತ ಬರೆದಿರುತ್ತದೆ. ಈಗಾಗಲೇ ಎಸ್‌ಎಸ್‌ಡಿ ಇದ್ದರೆ ಇನ್ನೊಂದು ಹಾಕಿ ಪ್ರಯೋಜನ ಇಲ್ಲ. ಆಗ ಮೆಮೊರಿ ನೋಡಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಕಾಗದದ ಮೇಲೆ ಇದೆ, ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದು ನೋಡಿ, ಸಾಕೋ ಇಲ್ಲವೋ ಗೊತ್ತಾಗುತ್ತದೆ. ರ‍್ಯಾಮ್ ತುಂಬಿದರೆ ಮಿಕ್ಕದ್ದನ್ನು ವಿಂಡೋಸ್ ಡಿಸ್ಕಿಗೆ ತಳ್ಳುತ್ತದೆ, ಡಿಸ್ಕ್ ಮೊದಲೇ ಸುಸ್ತಾಗಿದ್ದರೆ ಮುಗಿದೇ ಹೋಯಿತು. ಕೆಲವು ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹೆಚ್ಚಿಸಲು ಆಗುವುದಿಲ್ಲ. ಅದನ್ನೂ ಮೊದಲೇ ವಿಚಾರಿಸಿ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಗೊತ್ತಾಯಿತು. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ಅಂತ ಇದೆ, ವಿಂಡೋಸ್ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ. ನಮ್ಮಲ್ಲಿ ಅದು 23 ದಿನ ತೋರಿಸುತ್ತಿತ್ತು. ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನಲ್ಲ, ಇದೆಲ್ಲಿಂದ ಬಂತು ಅಂತ ತಲೆ ಕೆರೆದುಕೊಂಡೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗಲೇ. ಉಲ್ಟಾ ಅನಿಸುತ್ತದೆ ಅಲ್ವಾ? ಕಂಪ್ಯೂಟರ್ ವಿಚಿತ್ರವಾಗಿ ಆಡುತ್ತಿದ್ದರೆ ಮೊದಲು ರೀಸ್ಟಾರ್ಟ್.

ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಅನ್ನುವ ‘ಬೂಸ್ಟರ್’ ಪ್ರೋಗ್ರಾಂಗಳ ಬಗ್ಗೆ ನನಗೆ ಸಿಟ್ಟೇ ಇದೆ. ನಾನೊಂದು ಹಾಕಿಕೊಂಡಿದ್ದೆ. ಎರಡೇ ನಿಮಿಷದಲ್ಲಿ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಸಾವಿರಕ್ಕೂ ಹೆಚ್ಚು ದೋಷ ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿ, ಸರಿ ಮಾಡಲು ದುಡ್ಡು ಕೇಳಿತು. ಜೊತೆಗೆ ಸದ್ದಿಲ್ಲದೆ, ಕಂಪ್ಯೂಟರ್ ಜೊತೆಗೇ ಶುರುವಾಗುವ ಪ್ರೋಗ್ರಾಂಗಳ ಸ್ಟಾರ್ಟಪ್ ಪಟ್ಟಿಯಲ್ಲಿ ತಾನೂ ಒಂದು ಸೀಟು ಹಿಡಿದಿತ್ತು. ರಿಜಿಸ್ಟ್ರಿ ಕ್ಲೀನರುಗಳನ್ನು ನಾವು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ರ‍್ಯಾಮ್ ಖಾಲಿ ಮಾಡುವ ಪ್ರೋಗ್ರಾಂಗಳೂ ಅಷ್ಟೇ, ಬೇಕಾದದ್ದನ್ನೂ ಹೊರಗೆ ಹಾಕುತ್ತವೆ, ಮರುಕ್ಷಣ ಅದನ್ನೇ ಮತ್ತೆ ಒಳಗೆ ತರಬೇಕು. ಪ್ರೀಫೆಚ್ ಫೋಲ್ಡರ್ ಅಳಿಸಿ ಅಂತ ಕೆಲವರು ಬರೆಯುತ್ತಾರೆ, ಅದು ಇರುವುದೇ ಪ್ರೋಗ್ರಾಂ ಬೇಗ ತೆರೆಯಲಿ ಅಂತ. ಎಸ್‌ಎಸ್‌ಡಿಗೆ ಹಳೇ ಥರ ಡಿಫ್ರಾಗ್ ಕೂಡ ಬೇಡ, ವಿಂಡೋಸ್ ತಾನೇ ಟ್ರಿಮ್ ಮಾಡಿಕೊಳ್ಳುತ್ತದೆ, ಅಂದರೆ ಅಳಿಸಿದ ಫೈಲುಗಳ ಜಾಗ ಖಾಲಿ ಅಂತ ಡಿಸ್ಕಿಗೆ ತಿಳಿಸುತ್ತದೆ. ಮಾಡಲೇಬೇಕೆಂದರೆ ಸ್ಟಾರ್ಟಪ್ ಪಟ್ಟಿಗೆ ಹೋಗಿ ಬೇಡದವನ್ನು ಡಿಸೇಬಲ್ ಮಾಡಿ. ಖರ್ಚಿಲ್ಲ, ಬೇಕೆನಿಸಿದರೆ ವಾಪಸ್ ಹಾಕಬಹುದು. ಲ್ಯಾಪ್‌ಟಾಪ್ ಬಿಸಿಯಾಗಿ ಫ್ಯಾನ್ ಕೂಗುತ್ತಿದ್ದರೆ ಧೂಳು ತೆಗೆಸಿ, ಬಿಸಿ ಹೆಚ್ಚಾದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಹಾಗಾಗಿ ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ಟಾಸ್ಕ್ ಮ್ಯಾನೇಜರನ್ನು ದಯವಿಟ್ಟು ಮೊದಲಿಗೆ ಇಡಿ. ಅದರ ಪಕ್ಕ ಇನ್ನೊಂದು ಸಾಲು ಸೇರಿಸಿ: ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ವೇಗದ ಯೋಚನೆ ಬಿಟ್ಟು ಮೊದಲು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನಾನು ‘ಭಾನುವಾರ ಮಾಡೋಣ’ ಅಂದುಕೊಂಡಿದ್ದೆ. ಡಿಸ್ಕಿನಲ್ಲಿದ್ದದ್ದು ಬಹುತೇಕ ಸಿಕ್ಕಿತು, ಎರಡು ವರ್ಷದ ಫೋಟೋಗಳು ಸಿಗಲಿಲ್ಲ.

ಇಂತಿ,
ಒಬ್ಬ ಓದುಗ