ಅವನ ತಪ್ಪು ಅವನದಾಗಿಯೇ ಇರಲಿ

ಬಳ್ಳಾರಿ

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ಸಂಡೂರು ಕಡೆಯ ಹಳ್ಳಿ, ಒಂದು ಹಳೇ ಲಾರಿಯಿಂದ ಶುರು ಮಾಡಿ ಅದಿರಿನ ದುಡ್ಡಲ್ಲಿ ಮೇಲೆದ್ದು ಕೊನೆಗೆ ತನ್ನವರನ್ನೇ ಮುಳುಗಿಸುವ ಹುಡುಗ. ನಮ್ಮ ಜಿಲ್ಲೆಯವರೇ ಬರೆಯಬೇಕಾದ ಕಥೆ ಇದು. ವೇಬ್ರಿಡ್ಜ್ ಮೇಲೆ ಲಾರಿ ನಿಂತಾಗ ಕ್ಲೀನರ್ ಹುಡುಗ ಟಾರ್ಪಾಲಿನ ಹಗ್ಗ ಬಿಗಿಯುತ್ತಾ ಕೆಮ್ಮುತ್ತಾನಲ್ಲ, ಕೆಮ್ಮಿದ ಕೈಯನ್ನು ಚಡ್ಡಿಗೆ ಒರೆಸಿದಾಗ ಕೆಂಪು ಗೆರೆ ಬೀಳುತ್ತದಲ್ಲ, ಆ ಅರ್ಧ ಪುಟದಲ್ಲಿ ಒಂದಕ್ಷರವನ್ನೂ ಮುಟ್ಟಬೇಡ.

ನಾಯಕನ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಅವನು ಕೆಡುವುದೇ ಇಲ್ಲ, ಬೇರೆಯವರು ಅವನನ್ನು ಕೆಡಿಸುತ್ತಾರೆ. ಏಜೆಂಟ್ ಆಸೆ ಹುಟ್ಟಿಸುತ್ತಾನೆ. ಜ್ಯೋತಿಷಿ ರಾಜಯೋಗ ಇದೆ ಅನ್ನುತ್ತಾನೆ. ಹೆಂಡತಿ ರಾತ್ರಿಯೆಲ್ಲ ಚುಚ್ಚುತ್ತಾಳೆ. ಇವನು ಸುಮ್ನೆ ಅವರ ಹಿಂದೆ ನಡೆಯುತ್ತಾನೆ. ಅವನು ಹಾಳಾದಾಗ ಓದುವವರಿಗೆ 'ಅಯ್ಯೋ ಪಾಪ' ಅನ್ನಿಸುತ್ತದೆ. ಭಯ ಆಗುವುದಿಲ್ಲ. ನಾಳೆ ನಾನೂ ಹೀಗೇ ಆಗಬಹುದು ಅನ್ನುವ ಭಯ ಹುಟ್ಟದಿದ್ದರೆ ಇಂಥ ಕಥೆ ಬರೆದು ಏನು ಬಂತು?

ಮ್ಯಾಕ್‌ಬೆತ್ ಇನ್ನೊಮ್ಮೆ ಓದು. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲೇ ಚಿಕ್ಕದು, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕಾಲೇಜಿನಲ್ಲಿ ಅದರ ಕಥೆಯನ್ನು ನಿನಗೆ ಹೇಗೆ ಹೇಳಿರುತ್ತಾರೆ ಅಂತ ಊಹಿಸಬಲ್ಲೆ: ಒಳ್ಳೆಯ ವೀರ, ಮಾಟಗಾತಿಯರು ತಲೆ ಕೆಡಿಸಿದರು, ಹೆಂಡತಿ ದೊರೆಯ ಕೊಲೆ ಮಾಡಿಸಿದಳು. ನಾಟಕ ತೆರೆದು ನೋಡಿದರೆ ಹಾಗಿಲ್ಲ.

ಮಾಟಗಾತಿಯರು ಅವನನ್ನು ಮೂರು ಹೆಸರಿನಿಂದ ಕರೆಯುತ್ತಾರೆ. ಗ್ಲಾಮಿಸ್‌ನ ಒಡೆಯ, ಕಾಡೋರ್‌ನ ಒಡೆಯ, ಮುಂದೆ ರಾಜನಾಗುವವನು. ಮೊದಲನೆಯದು ಅವನಿಗೆ ಆಗಲೇ ಇದ್ದ ಪದವಿ. ಎರಡನೆಯದನ್ನು ದೊರೆ ಡಂಕನ್ ಹಿಂದಿನ ದೃಶ್ಯದಲ್ಲೇ ಅವನಿಗೆ ಕೊಟ್ಟಾಗಿದೆ, ಸುದ್ದಿ ಇನ್ನೂ ಮುಟ್ಟಿಲ್ಲ ಅಷ್ಟೇ. ಭವಿಷ್ಯ ಅಂತ ಉಳಿಯುವುದು ಮೂರನೆಯದೊಂದೇ. ಅದರಲ್ಲೂ 'ಕೊಲ್ಲು' ಅನ್ನುವ ಮಾತಿಲ್ಲ. ಕೊಲೆಯ ಯೋಚನೆ ಅವನ ತಲೆಯಲ್ಲೇ ಹುಟ್ಟುತ್ತದೆ, ಹೆಂಡತಿಯ ಮುಖ ನೋಡುವ ಮುಂಚೆಯೇ. ಅದು ಕಣ್ಣಿಗೆ ಕಟ್ಟಿ ಕೂದಲು ನಿಮಿರುತ್ತದೆ, ಎದೆ ಪಕ್ಕೆಲುಬಿಗೆ ಬಡಿಯುತ್ತದೆ ಅಂತ ಅವನೇ ಹೇಳಿಕೊಳ್ಳುತ್ತಾನೆ. ಪಕ್ಕದಲ್ಲಿ ಅವನ ಜೊತೆಯ ಸೇನಾಪತಿ ಬ್ಯಾಂಕ್ವೋ ನಿಂತಿದ್ದಾನೆ. ನಿನ್ನ ವಂಶದವರು ರಾಜರಾಗುತ್ತಾರೆ ಅಂತ ಅವನಿಗೂ ಹೇಳಿದ್ದಾರೆ. ಸಣ್ಣ ಸಣ್ಣ ನಿಜ ಹೇಳಿ ದೊಡ್ಡ ವಿಷಯದಲ್ಲಿ ಕೈಕೊಡುತ್ತಾರೆ, ಹುಷಾರು ಅನ್ನುತ್ತಾನೆ ಅವನು. ಇಬ್ಬರ ಕಿವಿಗೂ ಆಸೆ ಬಿತ್ತು, ಕೊಂದವನು ಒಬ್ಬನೇ. ಬೀಜ ಬೀಳದ ಹೊಲಕ್ಕೆ ತುಂಗಭದ್ರಾ ಕಾಲುವೆ ನೀರು ಎಷ್ಟು ಬಿಟ್ಟರೇನು, ಪೈರು ಬರುತ್ತಾ?

ಈ ಬ್ಯಾಂಕ್ವೋ ವಿಷಯದಲ್ಲಿ ಇನ್ನೊಂದು ಮಾತಿದೆ. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕ್ವೋ ಕೂಡ ಸಂಚಿನಲ್ಲಿ ಸೇರಿದ್ದಾನೆ. ಆಗಿನ ದೊರೆ ಜೇಮ್ಸ್ ಬ್ಯಾಂಕ್ವೋ ವಂಶದವನು ಅನ್ನುವ ನಂಬಿಕೆ ಇತ್ತು, ಅದಕ್ಕೇ ನಾಟಕಕಾರ ಬ್ಯಾಂಕ್ವೋನನ್ನು ಶುದ್ಧ ಮಾಡಿದ ಅನ್ನುವವರಿದ್ದಾರೆ. ಇರಬಹುದು. ಆದರೆ ಅದರಿಂದ ಮ್ಯಾಕ್‌ಬೆತ್ ಒಂಟಿಯಾದ, ತಪ್ಪು ಹಂಚಿಕೊಳ್ಳಲು ಯಾರೂ ಉಳಿಯಲಿಲ್ಲ. ಡಂಕನ್‌ನನ್ನೂ ನೋಡು. 1040ರಲ್ಲಿ ನಿಜವಾದ ಡಂಕನ್ ಸತ್ತದ್ದು ಯುದ್ಧದಲ್ಲಿ. ನಿಜವಾದ ಮ್ಯಾಕ್‌ಬೆತ್ ಆಮೇಲೆ 1057ರವರೆಗೆ ಆಳಿದ. ನಾಟಕದಲ್ಲಿ ಡಂಕನ್ ವಯಸ್ಸಾದವನು, ಒಳ್ಳೆಯವನು, ಮನೆಗೆ ಬಂದ ನೆಂಟ, ನಿದ್ದೆಯಲ್ಲಿದ್ದಾನೆ. ನಾಟಕಕಾರ ತನ್ನ ನಾಯಕನಿಗೆ ನೆಪ ಸಿಗುವ ದಾರಿಯನ್ನೆಲ್ಲ ಮುಚ್ಚಿದ.

ನೀನು ತೆರೆದಿಟ್ಟಿದ್ದೀಯ. ಮೊದಲ ಲಾರಿ ಸಾಲಕ್ಕೆ ಜಾಮೀನು ನಿಂತ ಗೌಡರನ್ನು ಮೋಸಗಾರ ಅಂತ ಯಾಕೆ ತೋರಿಸಿದೆ? ಮೋಸಗಾರನಿಗೆ ಮೋಸ ಮಾಡಿದರೆ ಓದುವವರು ಒಳಗೊಳಗೇ ಖುಷಿಪಡುತ್ತಾರೆ. ಗೌಡರು ಒಳ್ಳೆಯವರಾಗಿರಲಿ. ಸ್ಟಾಕ್‌ಯಾರ್ಡ್ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ದಿನ ಅವರಿಗೆ ಕನ್ನಡಕ ಸಿಗದಿರಲಿ, 'ನೀನು ಓದಿದ್ದೀಯಲ್ಲಪ್ಪ, ಸಾಕು ಬಿಡು' ಅಂತ ಪೆನ್ನು ತೆಗೆದುಕೊಳ್ಳಲಿ. ಆಗ ಬರೆ ನೋಡೋಣ ಅವನ ಮುಖ ಹೇಗಿತ್ತು ಅಂತ.

ಇನ್ನು ಹೆಂಡತಿ. ಲೇಡಿ ಮ್ಯಾಕ್‌ಬೆತ್ ಗಂಡನನ್ನು ದೂಡಿದ್ದು ನಿಜ. ಆದರೆ ಅದಕ್ಕೆ ಮುಂಚೆ ಅವನು ಒಬ್ಬನೇ ನಿಂತು, ಈತ ನನ್ನ ದೊರೆ, ನನ್ನ ನೆಂಟ, ನನ್ನ ಮನೆಯ ಅತಿಥಿ ಅಂತ ಎಲ್ಲವನ್ನೂ ತೂಗಿ ನೋಡಿದ್ದಾನೆ. ತನ್ನಲ್ಲಿರುವುದು ಹಾರಿ ಬೀಳುವ ಮಹತ್ವಾಕಾಂಕ್ಷೆ ಒಂದೇ ಅಂತ ಒಪ್ಪಿಕೊಂಡಿದ್ದಾನೆ. ಈ ವಿಷಯ ಇಲ್ಲಿಗೇ ಬಿಡೋಣ ಅಂತ ಅವಳಿಗೆ ಹೇಳಿಯೂ ಇದ್ದಾನೆ. ಬೇಡ ಅಂದವನು ಮತ್ತೆ ಹೂಂ ಅಂದ. ಆ 'ಬೇಡ' ಇರುವುದರಿಂದಲೇ ಆ 'ಹೂಂ'ಗೆ ತೂಕ. ನಿನ್ನ ಹುಡುಗ ಒಂದು ಸಲವೂ ಬೇಡ ಅಂದಿಲ್ಲ.

ಮುಂದೆ ಏನಾಗುತ್ತದೆ ನೋಡು. ಮಲಗಿದ್ದ ಮುದುಕ ನನ್ನ ಅಪ್ಪನ ಹಾಗೆ ಕಂಡ, ಇಲ್ಲದಿದ್ದರೆ ನಾನೇ ಮುಗಿಸುತ್ತಿದ್ದೆ ಅನ್ನುತ್ತಾಳೆ ಅವಳು. ಅಷ್ಟು ಗಟ್ಟಿ ಮಾತಾಡಿದವಳ ಕೈ ಅಲ್ಲಿ ಸೋತಿತು. ಬ್ಯಾಂಕ್ವೋನ ಕೊಲೆಗೆ ಗಂಡ ಅವಳನ್ನು ಕೇಳುವುದೂ ಇಲ್ಲ. ನಿನಗೆ ಗೊತ್ತಿಲ್ಲದಿರುವುದೇ ಒಳ್ಳೆಯದು ಅಂತ ಮುದ್ದಾಗಿ ಹೇಳಿ ಹೊರಗಿಡುತ್ತಾನೆ. ತನಗೆ ತಿರುಗಿಬಿದ್ದ ಸರದಾರ ಮ್ಯಾಕ್‌ಡಫ್ ಓಡಿಹೋದಾಗ ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಅದರಿಂದ ಬಿಡಿಗಾಸಿನ ಲಾಭವಿಲ್ಲ, ಯಾರೂ ಹಾಗೆ ಮಾಡು ಅಂತ ಹೇಳಿಯೂ ಇಲ್ಲ. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾ ಕೈ ತೊಳೆಯುವ ಹೊತ್ತಿಗೆ ಇವನಿಗೆ ದೂಡುವವರು ಯಾರೂ ಬೇಕಾಗಿಲ್ಲ. ನಿನ್ನ ಏಜೆಂಟ್ ಮಾತ್ರ ಕೊನೆಯ ಪುಟದವರೆಗೂ ಕಿವಿಯಲ್ಲಿ ಊದುತ್ತಲೇ ಇದ್ದಾನೆ. ಅವನನ್ನು ಅರ್ಧ ದಾರಿಯಲ್ಲೇ ಇಳಿಸಿಬಿಡು.

ನಮ್ಮಲ್ಲೂ ಇಂಥವನಿದ್ದಾನೆ, ಪಂಪ ರಾಮಾಯಣ ಬರೆದ ಜೈನ ಕವಿ ನಾಗಚಂದ್ರನ ರಾವಣ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಅಂತ ವ್ರತ ತೊಟ್ಟವನು. ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಬಂದರೂ ಒಪ್ಪದೆ ಬುದ್ಧಿ ಹೇಳಿ ಕಳಿಸಿದವನು. ಅವನೇ ಸೀತೆಯನ್ನು ಕಂಡಾಗ ಜಾರುತ್ತಾನೆ. ಕೊನೆಗೆ ಮನಸ್ಸು ತಿಳಿಯಾಗಿ ಸೀತೆಯನ್ನು ಬಿಟ್ಟುಕೊಡಬೇಕು ಅನ್ನಿಸಿದಾಗಲೂ, ಯುದ್ಧ ಗೆದ್ದ ಮೇಲೆಯೇ ಒಪ್ಪಿಸುತ್ತೇನೆ ಅನ್ನುತ್ತಾನೆ. ಆ ಹಟ ಅವನದೇ. ಅದಕ್ಕೇ ಅವನು ನಮಗೆ ಅಷ್ಟು ಹತ್ತಿರ.

ಇನ್ನೊಂದು ಮಾತು, ಕೊನೆಯ ಭಾಗದ ಬಗ್ಗೆ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನೀನು ಅದನ್ನೇ ಅವನ ಪತನ ಮಾಡಿದ್ದೀಯ. ಲಾರಿಗಳು ನಿಂತವು, ಕಂತು ಕಟ್ಟಲಾಗಲಿಲ್ಲ, ಬೀದಿಗೆ ಬಿದ್ದ. ಅಂದು ಲಾರಿ ನಿಂತದ್ದು ಅವನೊಬ್ಬನದಲ್ಲ ತಮ್ಮಾ. ಒಂದು ಲಾರಿ ಇಟ್ಟುಕೊಂಡು ನಿಯತ್ತಾಗಿ ದುಡಿದವರದ್ದೂ ನಿಂತಿತು. ಅದು ಊರಿಗೆ ಬಂದ ಕಷ್ಟ, ಇವನ ಕಥೆಯ ಕೊನೆ ಅಲ್ಲ. ಆ ಆದೇಶ ಬರುವ ಮುಂಚೆಯೇ, ಚೀನಾಕ್ಕೆ ಅದಿರು ಹೋಗುತ್ತಾ ದುಡ್ಡು ಸುರಿಯುತ್ತಿದ್ದಾಗಲೇ ಅವನು ಮುಗಿದಿರಬೇಕು, ಮುಗಿದದ್ದು ಅವನಿಗೆ ಗೊತ್ತಿರಬೇಕು. ವಯಸ್ಸಾದಾಗ ಜೊತೆಗಿರಬೇಕಾದ ಗೌರವ, ಪ್ರೀತಿ, ಗೆಳೆಯರ ಗುಂಪು ಯಾವುದನ್ನೂ ನಾನು ಕಾಯುವ ಹಾಗಿಲ್ಲ ಅನ್ನುತ್ತಾನೆ ಮ್ಯಾಕ್‌ಬೆತ್. ಆಗ ಅವನು ಇನ್ನೂ ಸೋತಿಲ್ಲ, ಕೋಟೆ ಅವನ ಕೈಯಲ್ಲೇ ಇದೆ. ಅಷ್ಟು ಕೆಟ್ಟರೂ ತಾನು ಏನು ಕಳೆದುಕೊಂಡೆ ಅನ್ನುವ ಲೆಕ್ಕ ತಪ್ಪಿಲ್ಲ. ಅಲ್ಲಿ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ನಿನ್ನ ಹುಡುಗನಿಗೂ ಒಳ್ಳೆಯದನ್ನು ಗುರುತಿಸುವ ಕಣ್ಣು ಕೊನೆಯವರೆಗೆ ಇರಲಿ. ಕ್ಲೀನರ್ ಕೆಮ್ಮಿದ್ದನ್ನು ಅವನೂ ಕೇಳಿಸಿಕೊಳ್ಳಲಿ. ಈಗ ನೀನು ಕೇಳಿಸಿದ್ದು ನಮಗೆ ಮಾತ್ರ.

ಮೊದಲು ಗೌಡರ ಅಧ್ಯಾಯ ತಿದ್ದಿ ಕಳಿಸು, ಉಳಿದದ್ದಕ್ಕೆ ಅವಸರ ಇಲ್ಲ. ಹೆಂಡತಿಗೆ ಇನ್ನೂ ಹೆಸರೇ ಇಟ್ಟಿಲ್ಲವಲ್ಲ ನೀನು, ಇಡು. ಅವಳ ಬಗ್ಗೆ ನನಗೆ ಇನ್ನೂ ಜಾಸ್ತಿ ಹೇಳುವುದಿದೆ, ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ನಿನ್ನ ಅಕ್ಕ