ಕಂಟೈನರ್ ಅಳಿದರೂ ಆ್ಯಪ್ ಉಳಿಯಬೇಕು

ಮಾನ್ಯ ಸಂಪಾದಕರೆ,

ಮುಂಬಯಿಯ ಕನ್ನಡ ಸಂಘಗಳು ಸದಸ್ಯರ ದಾಖಲೆಗೆ, ಸಭಾಗೃಹದ ಬುಕಿಂಗ್‌ಗೆ ತಾವೇ ಆ್ಯಪ್ ಮಾಡಿಕೊಳ್ಳಬಹುದೆಂದು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಸಕಾಲಿಕ. ಆ್ಯಪ್‌ಸ್ಮಿತ್‌ನಂಥ ಲೋ-ಕೋಡ್ (ಹೆಚ್ಚು ಕೋಡ್ ಬರೆಯದೆ ಆ್ಯಪ್ ಕಟ್ಟುವ) ತಂತ್ರಾಂಶ ಉಚಿತವಾಗಿ ಸಿಗುವುದೂ ನಿಜ. ಆದರೆ ಅದನ್ನು ಕ್ಲೌಡ್ ಕಂಟೈನರ್‌ಗೆ (ಬಾಡಿಗೆ ಸರ್ವರಿನಲ್ಲಿ ಆ್ಯಪ್ ಓಡುವ ತಾತ್ಕಾಲಿಕ ಪೆಟ್ಟಿಗೆಗೆ) ಏರಿಸುವ ವಿಷಯವನ್ನು ಲೇಖನ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದೆ. ಕೆಲಸ ಕೆಡುವುದು ಅಲ್ಲೇ.

ಸಂಘದ ಕಚೇರಿಯ ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ ಸಾಲದೆ ಎಂದು ಕೇಳುವವರಿದ್ದಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ನೆನೆದರೆ ನೆಲಮಹಡಿಯ ಕಚೇರಿಗಿಂತ ಕ್ಲೌಡೇ ವಾಸಿ. ಅದು ದೂರವೂ ಅಲ್ಲ: ಅಮೆಜಾನಿನ ಮುಂಬಯಿ ಕ್ಲೌಡ್ ಕೇಂದ್ರ 2016ರಿಂದ ಇದೆ; ಮೈಕ್ರೋಸಾಫ್ಟಿನ ಸೆಂಟ್ರಲ್ ಇಂಡಿಯಾ ಕೇಂದ್ರ ಪುಣೆಯಲ್ಲಿದೆ.

ಕಂಟೈನರ್ ಎಂದರೆ ಮಾಟುಂಗದ ಉಡುಪಿ ಹೋಟೆಲಿನ ಬಾಗಿಲಲ್ಲಿ ‘ಇಂದಿನ ವಿಶೇಷ’ ಬರೆಯುವ ಕಪ್ಪುಹಲಗೆ. ರಾತ್ರಿ ಒರೆಸಿದರೆ ಮುಗಿಯಿತು. ಆ್ಯಪ್‌ಸ್ಮಿತ್‌ನ ಒಂದೇ ಇಮೇಜಿನೊಳಗೆ (ಕಂಟೈನರ್ ಹುಟ್ಟುವ ಅಚ್ಚಿನೊಳಗೆ) ಜಾವಾ ಸರ್ವರ್, ಮಾಹಿತಿ ಇಡುವ ಮೊಂಗೋಡಿಬಿ, ತಾತ್ಕಾಲಿಕ ನೆನಪಿನ ರೆಡಿಸ್ ಎಲ್ಲವೂ ತುಂಬಿವೆ. ನೀವು ಕಟ್ಟಿದ ಪರದೆಗಳು, ಬಳಕೆದಾರರ ಖಾತೆಗಳು ‘ಆ್ಯಪ್‌ಸ್ಮಿತ್-ಸ್ಟ್ಯಾಕ್ಸ್’ ಎಂಬ ಒಂದು ಫೋಲ್ಡರಿನಲ್ಲಿ ಕೂರುತ್ತವೆ. ಹೊರಗಿನ ಡಿಸ್ಕನ್ನು ಆ ಫೋಲ್ಡರಿಗೆ ಮೌಂಟ್ ಮಾಡದಿದ್ದರೆ (ಜೋಡಿಸದಿದ್ದರೆ) ಕಂಟೈನರ್ ಬದಲಾದ ದಿನವೇ ಅಷ್ಟೂ ಹೋಯಿತು. ಗೂಗಲ್‌ನ ಕಂಟೈನರ್ ಸೇವೆಯಾದ ಕ್ಲೌಡ್ ರನ್‌ನಲ್ಲಂತೂ ಮೌಂಟ್ ಮಾಡದೆ ಬರೆದ ಕಡತಗಳು ರ‍್ಯಾಮ್‌ನಲ್ಲೇ ಇರುತ್ತವೆ, ಬಳಸುವವರಿಲ್ಲದಾಗ ಕಂಟೈನರೇ ನಿಂತುಹೋಗುತ್ತದೆ. ಈ ಇಡಿಗಂಟಿನ ಇಮೇಜಿಗೆ ಅದು ತಕ್ಕ ಜಾಗವಲ್ಲ.

ಅಮೆಜಾನಿನ ಕಂಟೈನರ್ ಸೇವೆ ಫಾರ್ಗೇಟ್‌ನಲ್ಲಾದರೆ ಟಾಸ್ಕ್‌ಗೆ (ಓಡುತ್ತಿರುವ ಕಂಟೈನರಿಗೆ ಅಲ್ಲಿಯ ಹೆಸರು) 2 ವರ್ಚುವಲ್ ಸಿಪಿಯು, 4 ಜಿಬಿ ಮೆಮೊರಿ ಕೊಡಿ. ದುಡ್ಡು ಉಳಿಸಲು 1 ಜಿಬಿ ಕೊಟ್ಟರೆ ಮೆಮೊರಿ ಸಾಲದೆ ಟಾಸ್ಕ್ ಸಾಯುತ್ತದೆ. ನಿಂತ ಟಾಸ್ಕ್‌ನ ವಿವರದಲ್ಲಿ 137 ಎಂಬ ಅಂಕಿ ಕಂಡರೆ ಬಹುಪಾಲು ಇದೇ ಕಾರಣ. ಇಎಫ್‌ಎಸ್ ಡಿಸ್ಕಿಗೆ (ಅಮೆಜಾನಿನ ನೆಟ್‌ವರ್ಕ್ ಡಿಸ್ಕ್; ಮೌಂಟ್ ಮಾಡುವುದು ಇದನ್ನೇ) 2049ನೇ ಪೋರ್ಟ್ ತೆರೆದಿರಬೇಕು, ಇಲ್ಲವಾದರೆ ಟಾಸ್ಕ್ ಶುರುವೇ ಆಗದು. ಸರ್ವರ್ ಏಳಲು ಕೆಲವು ನಿಮಿಷ ಬೇಕು. ಕಂಟೈನರ್ ಬದುಕಿದೆಯೇ ಎಂದು ನೋಡುವ ಹೆಲ್ತ್ ಚೆಕ್‌ನ ಗ್ರೇಸ್ (ರಿಯಾಯಿತಿ) ಅವಧಿಯನ್ನು 300 ಸೆಕೆಂಡಿಗೆ ಇಡದಿದ್ದರೆ, ಇನ್ನೂ ಕಣ್ಣುಜ್ಜುತ್ತಿರುವ ಕಂಟೈನರನ್ನು ಅಮೆಜಾನಿನ ವ್ಯವಸ್ಥೆ ಸತ್ತಿದೆಯೆಂದು ಕೊಂದು ಮತ್ತೊಂದನ್ನು ಹುಟ್ಟಿಸುತ್ತದೆ. ಅದಕ್ಕೂ ಅದೇ ಗತಿ.

ಇವೆಲ್ಲ ಸರಿಯಿದ್ದೂ ಮೊದಲ ಅಪ್‌ಡೇಟ್‌ನಲ್ಲಿ ಮುಗ್ಗರಿಸುವವರೇ ಹೆಚ್ಚು. ಟಾಸ್ಕ್‌ಗಳನ್ನು ನಡೆಸುವ ಸರ್ವಿಸ್‌ನಲ್ಲಿ, ಅಪ್‌ಡೇಟ್ ವೇಳೆ ಓಡುವ ಟಾಸ್ಕ್‌ಗಳ ಕನಿಷ್ಠ, ಗರಿಷ್ಠ ಶೇಕಡಾವಾರು ಸಾಮಾನ್ಯವಾಗಿ 100 ಮತ್ತು 200 ಇರುತ್ತದೆ. ಅಂದರೆ ಹಳೆಯ ಟಾಸ್ಕ್ ಹೋಗುವ ಮುನ್ನವೇ ಹೊಸತು ಬರುತ್ತದೆ. ಎರಡು ಮೊಂಗೋಡಿಬಿಗಳು ಒಂದೇ ಫೋಲ್ಡರಿಗೆ ಕೈ ಹಾಕುತ್ತವೆ, ಬೀಗ ಮೊದಲನೆಯದರ ಬಳಿ ಇರುವುದರಿಂದ ಎರಡನೆಯದು ಏಳುವುದಿಲ್ಲ. ಆ ಅಂಕಿಗಳನ್ನು 0 ಮತ್ತು 100 ಮಾಡಿ. ಅಪ್‌ಡೇಟ್ ವೇಳೆ ಕೆಲವು ನಿಮಿಷ ಆ್ಯಪ್ ಸಿಗುವುದಿಲ್ಲ, ಸಂಘಕ್ಕೆ ಅದರಿಂದ ನಷ್ಟವೇನು? ಬಳಕೆದಾರರು ಹೆಚ್ಚಿದ್ದರೆ ಮೊಂಗೋಡಿಬಿಯನ್ನೇ ಕಂಟೈನರಿನಿಂದ ಹೊರಗಿಡುವುದು ಲೇಸು. ನೆಟ್‌ವರ್ಕ್ ಡಿಸ್ಕಿನ ಮೇಲೆ ಅದು ನಿಧಾನ. ಹೊರಗಿನದು ಒಂದೇ ನೋಡ್ (ಸರ್ವರ್) ಆದರೂ ರೆಪ್ಲಿಕಾ ಸೆಟ್ (ಪ್ರತಿಗಳ ಗುಂಪು) ಆಗಿ ಹೊಂದಿಸಿರಲೇಬೇಕು. ಇಮೇಜಿನ ಹೆಸರಿಗೆ ‘ಲೇಟೆಸ್ಟ್’ ಅಂಟಿಸದೆ ನಿಶ್ಚಿತ ಆವೃತ್ತಿಯ ಸಂಖ್ಯೆ ಬರೆಯಿರಿ.

ಇನ್ನು ಕೀಲಿಕೈ. ಆ್ಯಪ್‌ಸ್ಮಿತ್ ನಿಮ್ಮ ಡೇಟಾಬೇಸ್ ಪಾಸ್‌ವರ್ಡುಗಳನ್ನು ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಮತ್ತು ಸಾಲ್ಟ್ (ಗುಪ್ತಲಿಪಿಗೆ ಬೆರೆಸುವ ಅಕ್ಷರಗಳು) ಎಂಬ ಎರಡು ಮೌಲ್ಯಗಳಿಂದ ಮುಚ್ಚಿಡುತ್ತದೆ. ಇವು ಕಳೆದರೆ ಬ್ಯಾಕಪ್ ಮರಳಿಸಿದರೂ ಪರದೆ ಕಾಣುತ್ತದೆ, ಮಾಹಿತಿ ಬಾರದು. ಬ್ಯಾಕಪ್ ಕಡತದ ಜತೆಗೇ ಇವೂ ಬರುತ್ತವೆಂದು ನಂಬಬೇಡಿ. ಎರಡನ್ನೂ ಕಾಗದದಲ್ಲಿ ಬರೆದು ಸಂಘದ ಠೇವಣಿ ರಸೀದಿಗಳಿರುವ ಕಪಾಟಿನಲ್ಲೇ ಇಡಬೇಕು. ಕಾರ್ಯದರ್ಶಿ ಬದಲಾದಾಗ ಕಪಾಟಿನ ಕೀಲಿಯೊಂದಿಗೆ ಅದೂ ಹಸ್ತಾಂತರವಾಗಲಿ.

ಮೊದಲು ನೋಂದಾಯಿಸಿಕೊಂಡವರೇ ಅಡ್ಮಿನ್ ಆಗುತ್ತಾರೆ. ಆದ್ದರಿಂದ ವಿಳಾಸ ಯಾರಿಗೂ ಕೊಡುವ ಮುನ್ನ ನೀವೇ ನೋಂದಾಯಿಸಿ, ಬಳಿಕ ಹೊಸ ನೋಂದಣಿಯನ್ನು ಮುಚ್ಚಿಬಿಡಿ.

ಎಲ್ಲ ಮುಗಿದ ಮೇಲೆ, ನಡೆಯುತ್ತಿರುವ ಟಾಸ್ಕನ್ನು ಬೇಕೆಂದೇ ನಿಲ್ಲಿಸಿ. ಹೊಸತು ಏಳುವವರೆಗೆ ಕಾದು, ಲಾಗಿನ್ ಆಗಿ, ಸದಸ್ಯರ ಪಟ್ಟಿ ತರುವ ಬಟನ್ ಒತ್ತಿ. ಹೆಸರುಗಳು ಬಂದರೆ ಮಾತ್ರ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಹಾಕಿ.

— ಒಬ್ಬ ಕ್ಲೌಡ್ ಎಂಜಿನಿಯರ್, ಡೊಂಬಿವಲಿ ಪೂರ್ವ